ಮೂರು ಉಬ್ಬರದೊಳಗೆ

ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಫ್ಯಾಕ್ಸ್ ಯಂತ್ರ ಕರಕರ ಎಂದಾಗ ನನ್ನ ಜೀವ ಬಾಯಿಗೆ ಬಂತು. ಒಂಬತ್ತು ದಿನ ಅದು ಸುಮ್ಮನಿತ್ತು. ಅದು ಹಾಗೇ ಸುಮ್ಮನಿರಲಿ ಎಂದು ನಾನು ನಮ್ಮ ಕಾಸರಗೋಡಿನ ಅಷ್ಟೂ ದೇವರಿಗೆ ಹರಕೆ ಹೊತ್ತಿದ್ದೆ. ಹತ್ತನೆಯ ದಿನ, ಸಂಜೆ ಐದಕ್ಕೆ ಇನ್ನು ಆರೂಕಾಲು ಗಂಟೆ ಇರುವಾಗ, ಅದಕ್ಕೆ ಮಾತು ಬಂದಿತ್ತು.

ಕಾಗದ ಬಂದದ್ದು ಯಾವ ದೂರದ ದೇಶದಿಂದಲೂ ಅಲ್ಲ, ತಿರುವನಂತಪುರದಲ್ಲಿದ್ದ ನಮ್ಮದೇ ಘಟಕದಿಂದ. ಮೂರೇ ಸಾಲು. ತಮ್ಮ ಕರಡು ತಲುಪಿದೆ. ಪರಿಶೀಲನೆಯಲ್ಲಿದೆ. ವಿವರವಾದ ಉತ್ತರವನ್ನು ಸದ್ಯದಲ್ಲೇ ಕಳುಹಿಸಲಾಗುವುದು. ಕೆಳಗೆ ಅಚ್ಯುತ ಎಂಬ ದುಂಡಗಿನ ಸಹಿ.

ಈ ಮೂರು ಸಾಲಿನಿಂದ ಯಾರ ಗಂಟು ಹೋಗುತ್ತದೆ ಎಂದು ಕೇಳಿದರೆ, ನನ್ನ ತಮ್ಮನದು.

ನಾನು ಸೌದಾಮಿನಿ. ಓದಿದ್ದು ಕಾನೂನು, ಕೆಲಸ ಕೊಚ್ಚಿಯ ವೈಟ್ಟಿಲದಲ್ಲಿ, ತೀರ ಸಹಕಾರ ಪರಿಷತ್ತು ಎಂಬ ಏಳು ದೇಶಗಳ ಸಂಸ್ಥೆಯ ದಾಖಲೆ ಅಧಿಕಾರಿ. ಹೆಸರು ಕೇಳಿ ಬಾವುಟ, ಗಾಜಿನ ಕಟ್ಟಡ ಎಲ್ಲ ಕಲ್ಪಿಸಿಕೊಳ್ಳಬೇಡಿ. ಬೇಕರಿಯ ಮೇಲಿನ ಮಹಡಿಯಲ್ಲಿ ನಾಲ್ಕು ಕೋಣೆ, ಒಂದು ಗುಂಡು ಮೇಜು, ಏಳು ಕುರ್ಚಿ. ಯಾವ ದೇಶದ ಹೆಸರು ಮೊದಲು ಬರಬೇಕೆಂದು ಮೊದಲ ಸಭೆಯಲ್ಲೇ ಎರಡು ದಿನ ಜಗಳವಾದ್ದರಿಂದ ಕುರ್ಚಿಗಳಿಗೆ ನಂಬರು ಹಾಕಿ, ದೇಶಗಳನ್ನು ಆ ನಂಬರಿನಿಂದಲೇ ಕರೆಯುವ ರೂಢಿ ಮಾಡಿದ್ದೆವು. ನಮ್ಮ ದೇಶ ಒಂದನೇ ಕುರ್ಚಿ. ಅದರಲ್ಲಿ ಕೂರುವವರು ತಿರುವನಂತಪುರ ಘಟಕದ ಅಚ್ಯುತ, ಮೈಸೂರಿನವರು, ಬಂದ ಯಾವ ಕಾಗದಕ್ಕೂ ಉತ್ತರ ಕೊಡದೆ ಬಿಟ್ಟವರಲ್ಲ.

ಪರಿಷತ್ತಿನ ಮುಂದಿದ್ದ ಕರಡು ಬರೆದವಳು ನಾನು. ಪರದೇಶದವನನ್ನು ಬಂಧಿಸಿದಾಗ, ಅವನು ಕೇಳಿದರೆ, ಅವನ ದೇಶದ ಕಾನ್ಸುಲೇಟಿಗೆ ತಡಮಾಡದೆ ತಿಳಿಸಬೇಕು ಎಂಬ ಮಾತು ವಿಯೆನ್ನಾ ಒಪ್ಪಂದದಲ್ಲಿ ಅರವತ್ತಮೂರನೇ ಇಸವಿಯಿಂದ ಇದೆ. ಆದರೆ ಬಲೆ ಎಳೆಯುವವನಿಗೆ ಕಾನ್ಸುಲೇಟ್ ಎಂದರೇನೆಂದು ಗೊತ್ತಿಲ್ಲ, ಇನ್ನು ಕೇಳುವುದು ಹೇಗೆ. ತಡಮಾಡದೆ ಎಂದರೆ ಎಷ್ಟು ಎಂಬುದಕ್ಕೂ ಒಂದೊಂದು ದೇಶದಲ್ಲಿ ಒಂದೊಂದು ಅಳತೆ. ಕೆಲವು ಕಡೆ ಆರು ತಿಂಗಳು. ಆದ್ದರಿಂದ ನಾವು ಅದನ್ನು ನಮ್ಮ ಕಡಲಿಗೆ ಹೊಂದಿಸಿಕೊಂಡೆವು. ಕೇಳಲಿ ಬಿಡಲಿ, ಹಿಡಿದ ಮೇಲೆ ಮೂರು ಉಬ್ಬರದೊಳಗೆ, ಅಂದರೆ ಒಂದೂವರೆ ದಿನದೊಳಗೆ, ಬೋಟಿನಲ್ಲಿದ್ದ ಪ್ರತಿಯೊಬ್ಬನ ಹೆಸರು, ಬದುಕಿದ್ದರೂ ಸತ್ತಿದ್ದರೂ, ಅವನ ದೇಶಕ್ಕೆ ಮುಟ್ಟಬೇಕು. ಏಳೂ ದೇಶದ ಬಂದರಿನಲ್ಲಿ ಉಬ್ಬರದ ಪಟ್ಟಿ ಗೋಡೆಗೆ ಅಂಟಿಸಿರುತ್ತಾರೆ. ರಜೆ ಇತ್ತು, ಗಡಿಯಾರ ನಿಂತಿತ್ತು ಎಂಬ ನೆಪ ನಡೆಯುವುದಿಲ್ಲ.

ನಾಲ್ಕನೆಯ ಕಲಂ ಪೂರ್ತಿ ನನ್ನದು. ಸುದ್ದಿಯನ್ನು ಮನೆಯವರಿಗೆ, ಎದುರು ಕೂತು, ಅವರ ಭಾಷೆಯಲ್ಲಿ, ಬಾಯಿಬಿಟ್ಟು ಹೇಳಬೇಕು. ಪತ್ರ ಕೈಗಿಟ್ಟು ಹೋಗುವಂತಿಲ್ಲ. ಇದು ಕಾನೂನೋ ಅಥವಾ ನೆಂಟಸ್ತಿಕೆಯೋ ಎಂದು ಮೂರನೇ ಕುರ್ಚಿಯವರು ನಕ್ಕಿದ್ದರು. ನಾನು ಹಟ ಬಿಡಲಿಲ್ಲ.

ಇನ್ನು ಮೌನದ ವಿಷಯ. ದೊಡ್ಡ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಒಂದು ಪದ್ಧತಿಯಿದೆ: ಕರಡು ಹಂಚುತ್ತಾರೆ, ಗಡುವು ಕೊಡುತ್ತಾರೆ, ಅಷ್ಟರೊಳಗೆ ಯಾರೂ ಆಕ್ಷೇಪಿಸದಿದ್ದರೆ ಒಪ್ಪಿಗೆಯಾದಂತೆ. ಮತ ಹಾಕಿ ಯಾರನ್ನೂ ಸೋಲಿಸಬೇಕಾಗಿಲ್ಲ. ನಾವದನ್ನು ತಂದುಕೊಂಡೆವು, ಆದರೆ ಒಂದು ಪೆಟ್ಟು ತಿಂದು ತಿದ್ದಿಕೊಂಡೆವು. ಹಿಂದೊಮ್ಮೆ ಒಂದು ದೇಶ ನಿಮ್ಮ ಕರಡು ಓದಿ ಸಂತೋಷವಾಯಿತು, ಮತ್ತೆ ಬರೆಯುತ್ತೇವೆ ಎಂದು ಬರೆಯಿತು. ನಾವು ಒಪ್ಪಿಗೆ ಎಂದುಕೊಂಡೆವು. ಅದು ನಯವಾದ ನಿರಾಕರಣೆಯಾಗಿತ್ತು. ಅಂದಿನಿಂದ ನಮ್ಮಲ್ಲಿ ಸಿಹಿಯಾಗಲಿ ಕಹಿಯಾಗಲಿ, ಯಾವ ಕಾಗದ ಬಂದರೂ ಮೌನ ಮುರಿದ ಲೆಕ್ಕ, ಅದು ಮೇಜಿನ ಮೇಲಿನ ಸ್ಟೀಲ್ ಟ್ರೇಗೆ ಹೋಗುತ್ತದೆ. ಹಿಂತೆಗೆದುಕೊಳ್ಳಬೇಕಿದ್ದರೆ ಸಹಿ ಹಾಕಿದ ಅದೇ ಕೈ, ಗಡುವಿನೊಳಗೆ, ಹಿಂತೆಗೆತದ ಮೂಲ ಕಾಗದವನ್ನೇ ಆ ಟ್ರೇಗೆ ಹಾಕಬೇಕು, ಫ್ಯಾಕ್ಸ್ ನಡೆಯುವುದಿಲ್ಲ; ಆಗ ಎರಡನ್ನೂ ಸೇರಿಸಿ ಹೊರಗೆ ತೆಗೆಯುತ್ತೇವೆ. ಐದು ಗಂಟೆಗೆ ಎಲ್ಲರೆದುರು ಟ್ರೇ ಮಗುಚುತ್ತೇವೆ. ಏನೂ ಬೀಳದಿದ್ದರೆ ನಿಯಮ ಹುಟ್ಟಿತು.

ನನ್ನ ತಮ್ಮ ಅಭಿರಾಮ ಬೋಟುಗಳಲ್ಲಿ ಹೋಗಿ ಯಾವ ಮೀನು ಎಷ್ಟು ಸಿಕ್ಕಿತೆಂದು ಬರೆದುಕೊಳ್ಳುವ ಸಂಶೋಧನಾ ಸಹಾಯಕ. ಜನವರಿಯಲ್ಲಿ ಅವನಿದ್ದ ಏಳು ಜನರ ಬೋಟು ವಾಪಸು ಬರಲಿಲ್ಲ. ಐದನೇ ಕುರ್ಚಿಯ ದೇಶದ ಗಸ್ತು ಹಡಗು ಅದನ್ನು ಎಳೆದುಕೊಂಡು ಹೋದದ್ದನ್ನು ಇನ್ನೊಂದು ಬೋಟಿನವರು ನೋಡಿದ್ದರು. ಆ ದೇಶ ಮಾತ್ರ ನಮ್ಮಲ್ಲಿ ಯಾರೂ ಇಲ್ಲ ಎನ್ನುತ್ತಿತ್ತು. ಐದನೇ ಕುರ್ಚಿಯವರು ಸಕ್ಕರೆ ಕಾಯಿಲೆಯ ವಯಸ್ಸಾದ ಮನುಷ್ಯ, ಒಳ್ಳೆಯವರು. ನಾನು ಒಬ್ಬಳೇ ಇದ್ದಾಗ ಅವರು ನನಗೆ ಹೇಳಿದ್ದು ಇಷ್ಟು: "ನೀವು ಕೇಳಿದಿರಿ ಎಂದು ಕೊಟ್ಟರೆ ನಮ್ಮ ಮಂತ್ರಿಗಳು ತಲೆ ಬಾಗಿದ ಹಾಗೆ. ಏಳು ಜನ ಸೇರಿ ಮಾಡಿದ ನಿಯಮ ಎಂದು ಕೊಟ್ಟರೆ ಅದು ನಮ್ಮದೇ ನಿಯಮ. ಪಟ್ಟಿ ನನ್ನ ಹತ್ತಿರ ಇದೆ. ಟ್ರೇ ಖಾಲಿ ಬಿದ್ದರೆ ಕೊಡುತ್ತೇನೆ. ಇಲ್ಲದಿದ್ದರೆ ನಾಳೆ ಬೆಳಗಿನ ವಿಮಾನದಲ್ಲಿ ಅದು ನನ್ನ ಜೊತೆ ವಾಪಸು, ಮತ್ತು ನಾವು ಯಾರನ್ನೂ ಹಿಡಿದಿಲ್ಲ."

ಆ ಪಟ್ಟಿಯಿದ್ದ ಕಂದು ಬಣ್ಣದ ಲಕೋಟೆ ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವರ ಚರ್ಮದ ಚೀಲದಲ್ಲಿ ಇತ್ತು. ತಮ್ಮ ಬದುಕಿದ್ದಾನೋ ಇಲ್ಲವೋ ಎಂಬುದು ಅದರೊಳಗಿತ್ತು.

ಅವನು ನನ್ನ ತಮ್ಮ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಸ್ವಂತದವರ ವಿಷಯ ಬಂದರೆ ಅಧಿಕಾರಿ ಕಡತ ಬಿಟ್ಟುಕೊಡಬೇಕು, ಅದು ಪರಿಷತ್ತಿನ ಶಿಸ್ತು. ಬಿಟ್ಟುಕೊಟ್ಟರೆ ಅದು ಮುಂದಿನ ಸಭೆಗೆ, ಅಂದರೆ ಆಗಸ್ಟಿಗೆ ಹೋಗುತ್ತಿತ್ತು. ಅದಕ್ಕೇ ಬಾಯಿ ಹೊಲಿದುಕೊಂಡಿದ್ದೆ. ಕಚೇರಿಗೆ ಸುಳ್ಳು ಹೇಳಿದ್ದು ಅಷ್ಟು ಚುಚ್ಚುತ್ತಿರಲಿಲ್ಲ. ಚುಚ್ಚುತ್ತಿದ್ದದ್ದು ಪ್ರೇಮ ಎಂಬ ಹೆಂಗಸಿಗೆ ಮುಚ್ಚಿಟ್ಟದ್ದು. ಅದೇ ಬೋಟಿನ ಎಂಜಿನ್ ನೋಡಿಕೊಳ್ಳುತ್ತಿದ್ದ ಶ್ರೀಪತಿಯ ಹೆಂಡತಿ, ಮಂಜೇಶ್ವರದ ಕಡೆಯವಳು. ಹದಿನೆಂಟು ದಿನದಿಂದ ತೋಪ್ಪುಂಪಡಿಯಿಂದ ಬಸ್ಸು ಹತ್ತಿ ಬಂದು ನಮ್ಮ ಮೆಟ್ಟಿಲ ಬುಡದ ಬೆಂಚಿನ ಮೇಲೆ ಸಂಜೆಯವರೆಗೆ ಕೂರುತ್ತಿದ್ದಳು. "ಪೇಪರ್ ಎಂತಾದ್ರೂ ಬಂತಾ ಅಕ್ಕ?" ದಿನಕ್ಕೊಂದೇ ಪ್ರಶ್ನೆ. "ಇಲ್ಲ ಮಾರಾಯ್ತಿ, ಬಂದ್ರೆ ನಾನೇ ಹೇಳ್ತೇನೆ." ಐದನೇ ಕುರ್ಚಿಯವರು ಮಾತ್ರ ಆ ಬೆಂಚಿನ ಕಡೆಯಿಂದ ಬರದೆ ಹಿಂದಿನ ಮೆಟ್ಟಿಲಿನಿಂದ ಓಡಾಡುತ್ತಿದ್ದರು. ಮಂಡಿ ನೋವಿರಬೇಕು ಎಂದುಕೊಂಡಿದ್ದೆ.

ಫ್ಯಾಕ್ಸನ್ನು ನಾನು ಟ್ರೇಗೆ ಹಾಕಬೇಕಿತ್ತು. ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿದೆ.

ತಿರುವನಂತಪುರಕ್ಕೆ ಫೋನು ಮಾಡಿದೆ. ಸಾರ್ ಫ್ಯಾಕ್ಸ್ ಕಳಿಸಿ ಹಾಗೇ ಹೊರಟರು ಎಂದರು ಅವರ ಕಚೇರಿಯವರು. ಮನೆಗೆ ಮಾಡಿದೆ. ಮಗಳು ಮಹತಿ ಎತ್ತಿದಳು. ಅಪ್ಪ ಎಲ್ಲಮ್ಮಾ ಎಂದು ಕನ್ನಡದಲ್ಲಿ ಕೇಳಿದರೆ ಆ ಹುಡುಗಿ ಮಲಯಾಳದಲ್ಲಿ, "ಅಪ್ಪ ಟ್ರೆಯಿನಿನ್ ಪೋಯಲ್ಲೋ ಆಂಟಿ," ರೈಲಿನಲ್ಲಿ ಹೋದರಲ್ಲ, ಎಂದಳು. ಆಮೇಲೆ ಅವರ ಹೆಂಡತಿ ನಿರ್ಮಲ ಬಂದರು.

"ಅವರು ಕೊಚ್ಚಿಗೇ ಹೊರಟ್ರಲ್ಲ ಸೌದಾಮಿನಿಯವ್ರೇ. ಐದು ಗಂಟೆಗೆ ಟ್ರೇ ಮಗುಚೋವಾಗ ಇರ್ಬೇಕು ಅಂತ. ಮೈಸೂರ್ ಪಾಕ್ ಕಟ್ಕೊಟ್ಟಿದೀನಿ, ನಿಮಗೆಲ್ರಿಗೂ. ಪೆಂಡಿಂಗ್ ಒಂದೂ ಉಳಿಸ್ದೆ ಹೊರಟಿದೀನಿ ಅಂತ ಹೇಳ್ಕೊಂಡು ಹೋದ್ರು."

ನಾನು ಫೋನು ಇಟ್ಟೆ. ಕೋಪ ನೆತ್ತಿಗೇರಿತು. ಆ ಮನುಷ್ಯ ಕೆಟ್ಟವರಲ್ಲ. ಈ ಕರಡಿಗಾಗಿ ನನ್ನಷ್ಟೇ ಒದ್ದಾಡಿದವರು. ಆದರೆ ಇಪ್ಪತ್ತಾರು ವರ್ಷದ ಸರ್ಕಾರಿ ಕೈ ಅದು. ಮೇಜಿನ ಮೇಲೆ ಉತ್ತರವಿಲ್ಲದ ಕಾಗದ ಕಂಡರೆ ತಲುಪಿದೆ, ಪರಿಶೀಲನೆಯಲ್ಲಿದೆ ಎಂದು ತಾನಾಗಿಯೇ ಬರೆದುಬಿಡುತ್ತದೆ. ಉತ್ತರ ಕೊಡದಿರುವುದೇ ಉತ್ತರವಾಗುವ ಒಂದು ಕಾಗದವಿದೆ ಎಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ರೈಲು ಹೊರಟಾಗಿತ್ತು. ಕೋಟ್ಟಯಂ ಸ್ಟೇಷನ್ನಿಗೆ ಫೋನು ಮಾಡಿ, ಮೈಕಿನಲ್ಲಿ ಅವರ ಹೆಸರು ಕೂಗಿ ಇಳಿಸಿ ನನಗೆ ಫೋನು ಮಾಡಿಸಿ ಎಂದು ಬೇಡಿಕೊಂಡೆ. ಎರಡೂವರೆಯಾದರೂ ಫೋನು ಬರಲಿಲ್ಲ.

ಅಷ್ಟು ಹೊತ್ತೂ ಫ್ಯಾಕ್ಸು ನನ್ನ ಚೀಲದಲ್ಲೇ ಇತ್ತು. ಯಾರೂ ನೋಡಿರಲಿಲ್ಲ. ಹರಿದು ಬೇಕರಿಯ ಒಲೆಗೆ ಹಾಕಬಹುದಿತ್ತು. ಆ ಯೋಚನೆ ಬರಲೇ ಇಲ್ಲ ಎಂದು ಹೇಳಿದರೆ ನನ್ನಂಥ ಸುಳ್ಳುಗಾತಿ ಇನ್ನೊಬ್ಬಳಿಲ್ಲ. ಎರಡು ಸಲ ಚೀಲದ ಬಾಯಿ ತೆಗೆದೆ. ಮೊದಲು ತಡೆದದ್ದು ಒಳ್ಳೆಯತನವಲ್ಲ, ಅಚ್ಯುತರ ಸ್ವಭಾವ. ಬಂದವರೇ ಎಲ್ಲರೆದುರು, ಮೇಡಂ, ನನ್ನ ಉತ್ತರ ತಲುಪಿತಲ್ವಾ ಎಂದು ಕೇಳದೆ ಇರುವ ಮನುಷ್ಯ ಅಲ್ಲ. ಆಮೇಲೆ ಬೇರೆಯದೂ ಹೊಳೆಯಿತು. ನಾನು ಟ್ರೇಗೆ ಮೋಸ ಮಾಡಿ ನಿಯಮ ಹುಟ್ಟಿಸಿದರೆ, ನಾಳೆ ಇನ್ನೊಂದು ದೇಶದವನು ಮೋಸ ಮಾಡಿ ಅದನ್ನು ಕೊಲ್ಲುತ್ತಾನೆ. ಪೊಲೀಸಿಲ್ಲದ, ಕೋರ್ಟಿಲ್ಲದ ನಮ್ಮ ಪರಿಷತ್ತಿಗೆ ಇದ್ದದ್ದು ಆ ಟ್ರೇ ಒಂದೇ.

ಮೂರು ಗಂಟೆಗೆ ಫ್ಯಾಕ್ಸನ್ನು ಬಿಡಿಸಿ ಟ್ರೇಗೆ ಹಾಕಿದೆ. ಐದನೇ ಕುರ್ಚಿಯವರು ಅಲ್ಲೇ ಚಹಾ ಕುಡಿಯುತ್ತಿದ್ದರು. ಬಗ್ಗಿ ಓದಿದರು. ಯಾರ ಸಹಿ ಎಂದು ನೋಡಿದರು.

"ನಿಮ್ಮದೇ ದೇಶ," ಎಂದರು.

"ಐದು ಗಂಟೆ ಆಗಿಲ್ಲ ಸಾರ್," ಎಂದೆ.

ಅವರು ಕಪ್ಪು ಇಟ್ಟು, ಚರ್ಮದ ಚೀಲದ ಬಕಲ್ ಹಾಕಿದರು.

ರೈಲು ಎರ್ನಾಕುಲಂ ತಲುಪಿ, ಅಚ್ಯುತ ಆಟೋ ಹಿಡಿದು ವಾಪಸು ವೈಟ್ಟಿಲಕ್ಕೆ ಬರುವುದೆಂದರೆ ಐದು ದಾಟುವ ಭಯ. ಅದಕ್ಕಿಂತ ಮೊದಲು ಸಿಗುವುದು ತ್ರಿಪ್ಪುಣಿತ್ತುರ. ಅಲ್ಲೇ ಇಳಿಸಿಕೊಳ್ಳುವುದೆಂದು ಆಟೋದಲ್ಲಿ ಹೊರಟೆ. ಕೆಳಗೆ ಪ್ರೇಮ ಎದ್ದು ನಿಂತಳು. ನನ್ನ ಮುಖ ನೋಡಿ ಆ ದಿನ ಏನೂ ಕೇಳದೆ ಕೂತುಬಿಟ್ಟಳು.

ರೈಲು ಮೂರೂಮುಕ್ಕಾಲಿಗೆ ಬರಬೇಕಿತ್ತು. ನಾಲ್ಕಾಯಿತು, ನಾಲ್ಕೂ ಹತ್ತಾಯಿತು. ಸ್ಟೇಷನ್ ಮಾಸ್ಟರರನ್ನು ಮೂರನೆಯ ಸಲ ಕೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ಚೇಚಿ, ನಾನು ಹೋಗಿ ತಳ್ಳಲೇ ಎಂದು ಮಲಯಾಳದಲ್ಲಿ ಕೇಳಿದರು. ನಾಲ್ಕೂ ಹದಿನಾರಕ್ಕೆ ಬಂತು. ನಿಲ್ಲುವುದು ಒಂದೇ ನಿಮಿಷ. ಕಿಟಕಿ ಕಿಟಕಿಗೂ ಅಚ್ಯುತರೇ ಎಂದು ಕೂಗುತ್ತ ಓಡಿದೆ. ಆರನೆಯ ಬೋಗಿಯಲ್ಲಿ ಮಡಿಲ ಮೇಲೆ ಸಿಹಿಯ ಡಬ್ಬಿ ಇಟ್ಟುಕೊಂಡು ಕೂತಿದ್ದರು.

"ಇಳೀರಿ ಮಾರಾಯ್ರೆ, ಬೇಗ ಇಳೀರಿ."

"ಏನ್ ಮೇಡಂ ಇದು, ನಂದು ಎರ್ನಾಕುಲಂವರೆಗೂ ಟಿಕೆಟ್ ಇದೆ."

ತೋಳು ಹಿಡಿದು ಎಳೆದೆ. ಇಳಿದರು, ರೈಲು ಹೊರಟಿತು. ಕೋಟ್ಟಯಂನಲ್ಲಿ ಕೂಗಿದ್ದು ಕೇಳಲಿಲ್ಲವೇ ಎಂದೆ. ಕೇಳಿಸಿತಂತೆ. "ಈ ಕೇರಳದಲ್ಲಿ ಎಷ್ಟು ಜನ ಅಚ್ಯುತನ್ ಇದಾರೋ, ಅವರಲ್ಲಿ ಯಾರೋ ಅಂದ್ಕೊಂಡೆ."

ಫ್ಯಾಕ್ಸಿನ ವಿಷಯ ಹೇಳಿದೆ. ಒಂದು ಗಳಿಗೆ ಅವರಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತುಬಿಟ್ಟರು.

"ಅಯ್ಯೋ. ಅದು ನಾನು... ಇಂಟೆರಿಮ್ ರಿಪ್ಲೈ ಅಲ್ವಾ ಅದು. ಸುಮ್ನೆ ರೊಟೀನು."

"ನಿಮ್ಮ ರೊಟೀನಿನಿಂದ ಏಳು ಜನರ ಹೆಸರು ನಾಳೆ ವಿಮಾನ ಹತ್ತುತ್ತದೆ. ಇಲ್ಲಿ ಬರೆದು ತಂದಿದ್ದೇನೆ, ಹಿಂತೆಗೆದುಕೊಂಡಿದೆ ಅಂತ. ಸಹಿ ಹಾಕಿ."

ಪೆನ್ನು ಕೊಟ್ಟೆ. ಅವರು ಪೆನ್ನು ಹಿಡಿದು, ಕಾಗದ ಓದಿ, ಮತ್ತೊಮ್ಮೆ ಓದಿ, ತಲೆಯೆತ್ತಿದರು.

"ಆಫೀಸ್ ಸೀಲ್ ಹಾಕಿ ಕಳ್ಸಿದ್ದನ್ನ ವಾಪಸ್ ತಗೋಬೇಕಾದ್ರೆ ಫೈಲಲ್ಲಿ ನೋಟ್ ಆಗ್ಬೇಕು ಮೇಡಂ. ಮೇಲಿನವರ ಅಪ್ರೂವಲ್ ಬೇಕು. ಫೈಲ್ ತಿರುವನಂತಪುರದಲ್ಲಿದೆ. ನನ್ನಷ್ಟಕ್ಕೆ ನಾನು ಸಹಿ ಹಾಕಿದ್ರೆ ನಾಳೆ ನನ್ನ ಮೇಲೆ ಬರತ್ತೆ. ಪೆನ್ಷನ್‌ಗೆ ಎರಡು ವರ್ಷ ಇದೆ ನಂಗೆ."

ಸ್ಟೇಷನ್ನಿನ ಗಡಿಯಾರ ನಾಲ್ಕೂ ಇಪ್ಪತ್ತೆರಡು ತೋರಿಸುತ್ತಿತ್ತು. ಬೇರೆ ಯಾವ ಮಾತೂ ನನ್ನಲ್ಲಿ ಉಳಿದಿರಲಿಲ್ಲ.

"ಆ ಬೋಟಿನಲ್ಲಿ ಮೀನು ಬರೆಯುವ ಹುಡುಗ ಒಬ್ಬ ಇದ್ದ, ಅಭಿರಾಮ," ಎಂದೆ. "ಅವನು ನನ್ನ ತಮ್ಮ. ಅಮ್ಮ ಹೋದ ಮೇಲೆ ಅವನಿಗೆ ಉಣ್ಣಲಿಕ್ಕೆ ಹಾಕಿದ್ದು ನಾನು. ಅವನು ಇದ್ದಾನೋ ಇಲ್ಲವೋ ಅಂತ ಇಪ್ಪತ್ತೆರಡು ದಿನದಿಂದ ನನಗೆ ಗೊತ್ತಿಲ್ಲ."

ನಾನು ನಿರೀಕ್ಷಿಸಿದ್ದ ಕರುಣೆ ಅಚ್ಯುತರ ಮುಖದಲ್ಲಿ ಕಾಣಲಿಲ್ಲ. ಕಂಡದ್ದು ಹೆದರಿಕೆ.

"ನೀವು ಇದನ್ನ ಹೇಳ್ಬಾರ್ದಿತ್ತು," ಎಂದರು. "ಈಗ ನಾನು ಸಹಿ ಹಾಕಿದ್ರೆ ನಿಮಗೋಸ್ಕರ ಹಾಕಿದ ಹಾಗಾಗತ್ತೆ. ರೂಲ್‌ಗೋಸ್ಕರ ಆಗಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಇಡೀ ರೂಲೇ ಬಿದ್ದೋಗತ್ತೆ."

ಅವರು ಹೇಳಿದ್ದು ಸರಿ. ಅದಕ್ಕೇ ನನಗೆ ಸಿಟ್ಟು ಬಂದದ್ದು, ಸಿಟ್ಟಿನ ಹಿಂದೆಯೇ ಅಳು ಬಂದದ್ದು. ಪ್ಲಾಟ್‌ಫಾರ್ಮಿನ ಮೇಲೆ, ಬಾಳೆಹಣ್ಣು ಮಾರುವವಳ ಎದುರು ಅತ್ತೆ. ಅತ್ತು ಮೂಗು ಒರೆಸಿಕೊಂಡು ಹೇಳಿದೆ: "ನಾನು ಎಲ್ಲರೆದುರು ಹೇಳ್ತೇನೆ, ಇಂಥದ್ದು ಉಂಟು ಅಂತ. ದಾಖಲೆಯಲ್ಲಿ ಬರೀತೇನೆ. ಟ್ರೇ ನಾನು ಮುಟ್ಟುವುದಿಲ್ಲ. ಆಮೇಲೆ ನನ್ನನ್ನು ಇಟ್ಟುಕೊಳ್ಳುವುದು ಬಿಡುವುದು ಪರಿಷತ್ತಿಗೆ ಬಿಟ್ಟದ್ದು. ಈಗ ಹೇಳಿ, ನೀವು ಮಾಡಿದ್ದು ತಪ್ಪಾ ಅಲ್ಲವಾ? ತಪ್ಪು ಅಂತ ಅನಿಸಿದರೆ ಅದಕ್ಕೋಸ್ಕರ ಸಹಿ ಹಾಕಿ. ನನಗೋಸ್ಕರ ಬೇಡ."

ಅವರು ಡಬ್ಬಿಯನ್ನು ಪಕ್ಕಕ್ಕಿಟ್ಟು, ಕಾಗದವನ್ನು ಅದರ ಮುಚ್ಚಳದ ಮೇಲೆ ಇಟ್ಟು, ದುಂಡಗೆ ಸಹಿ ಹಾಕಿದರು. ಕೆಳಗೆ ತಾರೀಕು, ಸಮಯ, ಸ್ಥಳ ತ್ರಿಪ್ಪುಣಿತ್ತುರ ರೈಲ್ವೆ ಸ್ಟೇಷನ್ ಎಂದೂ ಬರೆದರು. ಬರೆಯದಿದ್ದರೆ ಅವರು ಅಚ್ಯುತರೇ ಅಲ್ಲ.

ಪೇಟ್ಟದ ಸೇತುವೆಯ ಮೇಲೆ ಬಸ್ಸೊಂದು ಅಡ್ಡ ನಿಂತು, ಅದರ ಕಂಡಕ್ಟರನಿಗೂ ಲಾರಿಯವನಿಗೂ ಜಗಳ ಹತ್ತಿತ್ತು. ಹಿಂದೆ ಐವತ್ತು ವಾಹನ. ನಾಲ್ಕೂ ಮೂವತ್ತೆಂಟು. ಆಟೋ ಬಿಟ್ಟು ಓಡಿದೆವು. ಐವತ್ತಾರು ವರ್ಷದ ಮನುಷ್ಯ, ಬಾಟಾ ಚಪ್ಪಲಿ, ಒಂದು ಕೈಯಲ್ಲಿ ಬ್ರೀಫ್‌ಕೇಸು, ಇನ್ನೊಂದರಲ್ಲಿ ಮೈಸೂರ್ ಪಾಕು. ಸೇತುವೆಯ ಆಚೆ ಇನ್ನೊಂದು ಆಟೋ ಸಿಕ್ಕಿತು. ವೈಟ್ಟಿಲದ ಜಂಕ್ಷನ್ನಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದಾಗ ಅವನ ಕೈ ಮುರಿಯಲಿ ಎಂದು ಶಪಿಸಿದೆ. ಮೆಟ್ಟಿಲ ಬುಡದಲ್ಲಿ ಪ್ರೇಮ ಕಾಲು ಮಡಚಿ ದಾರಿ ಬಿಟ್ಟಳು.

ಮೇಲೆ ಆರು ಜನ ಮೇಜಿನ ಸುತ್ತ ಕೂತಿದ್ದರು. ಒಂದನೇ ಕುರ್ಚಿ ಖಾಲಿ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ನಾಲ್ಕು ನಿಮಿಷ. ಅಚ್ಯುತ ಏದುಸಿರಿನಲ್ಲೇ ಕಾಗದವನ್ನು ಟ್ರೇಗೆ ಹಾಕಿದರು. ಐದನೇ ಕುರ್ಚಿಯವರು ಎದ್ದು ಎರಡೂ ಸಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ತಲೆಯಾಡಿಸಿ, ಫ್ಯಾಕ್ಸನ್ನೂ ಹಿಂತೆಗೆತದ ಕಾಗದವನ್ನೂ ಪಿನ್ನು ಹಾಕಿ ಅಚ್ಯುತರ ಮುಂದಿಟ್ಟರು. ಟ್ರೇ ಖಾಲಿಯಾಯಿತು.

ಈಗ ನನ್ನ ಸರದಿ. ಹೇಳದಿದ್ದರೂ ನಡೆಯುತ್ತಿತ್ತು, ಅಚ್ಯುತ ಬಾಯಿಬಿಡುತ್ತಿರಲಿಲ್ಲ. ನಿಂತುಕೊಂಡೇ ಹೇಳಿದೆ, ಆ ಬೋಟಿನಲ್ಲಿದ್ದ ಒಬ್ಬ ನನ್ನ ತಮ್ಮ, ಇದನ್ನು ಮುಚ್ಚಿಟ್ಟು ಕರಡು ನಡೆಸಿದ್ದೇನೆ, ಆದ್ದರಿಂದ ಟ್ರೇ ಮುಟ್ಟುವ ಹಕ್ಕು ನನಗಿಲ್ಲ ಎಂದು. ಮೂರನೇ ಕುರ್ಚಿಯವರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

ಐದನೇ ಕುರ್ಚಿಯವರು ನನ್ನನ್ನೇ ನೋಡುತ್ತಿದ್ದರು. ಅವರ ಮುಂದೆ ಪ್ಯಾಡಿತ್ತು, ಜೇಬಿನಲ್ಲಿ ಪೆನ್ನಿತ್ತು, ಇನ್ನೂ ಎರಡು ನಿಮಿಷವಿತ್ತು. ಈ ಹೆಂಗಸು ಸ್ವಂತಕ್ಕಾಗಿ ಮಾಡಿದ ನಿಯಮ ನಮಗೆ ಬೇಡ ಎಂದು ಒಂದು ಸಾಲು ಬರೆದು ಹಾಕಿದರೆ ಅವರ ಸರ್ಕಾರ ಬೆನ್ನು ತಟ್ಟುತ್ತಿತ್ತು. ಅವರು ಪೆನ್ನು ತೆಗೆದರು. ಮುಚ್ಚಳ ತೆಗೆದರು. ನಾನು ಕಣ್ಣು ಮುಚ್ಚಿಕೊಂಡೆ. ಕೆಳಗಿನ ಬೇಕರಿಯಲ್ಲಿ ಯಾರೋ ಪಫ್ಸ್ ಕೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮುಚ್ಚಳ ಮತ್ತೆ ಹಾಕಿದ ಸದ್ದು.

ಐದು ಹೊಡೆಯಿತು. ಅಚ್ಯುತ ಟ್ರೇ ಎತ್ತಿ ಮಗುಚಿದರು. ಏನೂ ಬೀಳಲಿಲ್ಲ.

ಚಪ್ಪಾಳೆ ತಟ್ಟುವ ರೂಢಿ ನಮ್ಮಲ್ಲಿಲ್ಲ. ಐದನೇ ಕುರ್ಚಿಯವರು ಚೀಲ ತೆರೆದು ಲಕೋಟೆಯನ್ನು ಎರಡೂ ಕೈಯಿಂದ ಒಂದನೇ ಕುರ್ಚಿಗೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ. ಅಚ್ಯುತ ಪಕ್ಕದ ಕೋಣೆಗೆ ಹೋಗಿ ನನ್ನನ್ನು ಕರೆದರು, ಬಾಗಿಲು ಹಾಕಿದರು, ಕುರ್ಚಿ ಎಳೆದು ಕೂರಿಸಿದರು, ತಾವೂ ಎದುರು ಕೂತರು. ನಾಲ್ಕನೆಯ ಕಲಂ ಎಂದು ನನಗೆ ಹೊಳೆದದ್ದು ಆಗಲೇ. ಮೊದಲ ಮನೆಯವಳು ನಾನೇ ಆಗಿದ್ದೆ.

"ಅಭಿರಾಮ ಇದಾರೆ," ಎಂದರು ಅಚ್ಯುತ. "ಆರೋಗ್ಯವಾಗಿದಾರೆ. ಮೊದಲನೇ ಹೆಸರೇ ಅವರದು."

ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದೆ. ಆಮೇಲೆ ಅಚ್ಯುತ ಮಾತಾಡುತ್ತಿಲ್ಲ ಎಂಬುದು ಗಮನಕ್ಕೆ ಬಂದು ತಲೆಯೆತ್ತಿದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಆರು ಹೆಸರು. ಕೆಳಗೆ ಬೇರೆಯಾಗಿ ಒಂದು ಸಾಲು: ಏಳನೆಯವನು ಶ್ರೀಪತಿ, ಎಂಜಿನ್ ಚಾಲಕ, ಬೋಟನ್ನು ಹಿಡಿಯುವಾಗ ಸಮುದ್ರಕ್ಕೆ ಬಿದ್ದ, ಹತ್ತಿರದ ದ್ವೀಪದ ದಂಡೆಯಲ್ಲಿ ದಫನ ಮಾಡಲಾಗಿದೆ, ಜನವರಿ ಇಪ್ಪತ್ತಮೂರು. ಹಿಂದಿನ ಮೆಟ್ಟಿಲಿನಿಂದ ಓಡಾಡುತ್ತಿದ್ದ ಆ ವಯಸ್ಸಾದ ಮನುಷ್ಯನಿಗೆ ಮಂಡಿ ನೋವಿರಲಿಲ್ಲ.

"ನನ್ನ ಡ್ಯೂಟಿ ಇದು," ಎಂದು ಅಚ್ಯುತ ಎದ್ದರು. "ನಾನೇ ಹೇಳ್ತೀನಿ ಆಕೆಗೆ."

"ಬೇಡ," ಎಂದೆ. "ನೀವು ಅಧಿಕಾರಿ. ನಾನೀಗ ಅಧಿಕಾರಿ ಅಲ್ಲ, ಬೋಟಿನವರ ಮನೆಯವಳು. ನಾನು ಹೋಗ್ತೇನೆ."

ಕೆಳಗೆ ಪ್ರೇಮ ಟಿಫಿನ್ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದಳು. ನಾನು ಬೆಂಚಿನ ಮೇಲೆ ಅವಳ ಪಕ್ಕ ಕೂತೆ. ಹದಿನೆಂಟು ದಿನದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು.

"ಪೇಪರ್ ಬಂತು. ಅದಕ್ಕೆ ಮೊದಲು ಒಂದು ಹೇಳ್ಬೇಕು ಪ್ರೇಮ. ಆ ಬೋಟಿನಲ್ಲಿ ನನ್ನ ತಮ್ಮನೂ ಇದ್ದ."

"ಗೊತ್ತುಂಟು ಅಕ್ಕ," ಎಂದಳು. "ಇವರೇ ಹೇಳಿದ್ರು, ಮೀನು ಬರೆಯುವ ಹುಡುಗನ ಅಕ್ಕ ವೈಟ್ಟಿಲದ ಆಫೀಸಿನಲ್ಲಿ ಇದ್ದಾರೆ, ಏನಾದ್ರೂ ಆದ್ರೆ ಅಲ್ಲಿಗೆ ಹೋಗು ಅಂತ. ಹಾಗೇ ಅಲ್ವಾ ನಾನು ಬಂದದ್ದು. ನೀವು ಹೇಳಲಿಲ್ಲ. ಹೇಳದ್ದಕ್ಕೆ ಎಂತದೋ ಕಾರಣ ಇರ್ತದೆ ಅಂತ ನಾನೂ ಕೇಳಲಿಲ್ಲ. ಅವನು ಇದ್ದಾನಲ್ವಾ?"

"ಇದ್ದಾನೆ."

"ಒಳ್ಳೇದಾಯ್ತು," ಎಂದಳು. ಮನಸಾರೆ ಹೇಳಿದಳು. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಆಮೇಲೆ ಅವಳು ಮುಂದಿನದನ್ನು ಕೇಳಲಿಲ್ಲ. ಸೀರೆಯ ಸೆರಗನ್ನು ಮಡಿಲಲ್ಲಿ ಒತ್ತಿ ಹಿಡಿದು ನನ್ನ ಬಾಯನ್ನೇ ನೋಡುತ್ತ ಕೂತಳು. ನಾನು ಸುಮ್ಮನಿದ್ದರೂ ಅವಳಿಗೆ ತಿಳಿಯುತ್ತಿತ್ತು. ಸುಮ್ಮನಿರಬೇಕೆಂದು ಎಷ್ಟು ಆಸೆಯಾಯಿತೆಂದರೆ ಹೇಳಲಾರೆ. ಆದರೆ ಬಾಯಿಬಿಟ್ಟು ಹೇಳಬೇಕು ಎಂದು ಬರೆದವಳು ನಾನೇ. ಅವಳ ಕೈ ಹಿಡಿದುಕೊಂಡು, ಶ್ರೀಪತಿ ಇಲ್ಲ ಪ್ರೇಮ, ಸಮುದ್ರಕ್ಕೆ ಬಿದ್ದು ತೀರಿಹೋದ ಎಂದೆ.

"ಯಾವ ದಿನ?" ಎಂದು ಕೇಳಿದಳು.

"ಜನವರಿ ಇಪ್ಪತ್ತಮೂರು."

ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಬೆರಳಿನ ಗೆಣ್ಣುಗಳ ಮೇಲೆ ದಿನ ಎಣಿಸತೊಡಗಿದಳು. ಹದಿಮೂರಕ್ಕೆ ನಿಲ್ಲಿಸಿದಳು, ನಮ್ಮ ಕಡೆ ಸತ್ತವರಿಗೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುವ ದಿನ. ಅದು ಮೊನ್ನೆ ಮೊನ್ನೆ, ನಾನು ಕರಡನ್ನು ಏಳು ದೇಶಕ್ಕೆ ಕಳಿಸಿದ ದಿನ.

"ಬೊಜ್ಜದ ದಿನ ದಾಟಿ ಹೋಯ್ತಲ್ಲ ಅಕ್ಕ," ಎಂದಳು. "ನೀರು ಬಿಡ್ಲಿಕ್ಕೂ ಯಾರೂ ಇರ್ಲಿಲ್ಲ. ಆ ದಿನ ನಾನು ಇಲ್ಲಿ ಕೂತಿದ್ದೆ."